ನಾಲ್ಕು ಬೆರಳ ಗಾಳಿ

ಸೋಮವಾರ ಬೆಳಗ್ಗೆ ಏಳಕ್ಕೆ ಉಗ್ರಾಣದಕ್ಕ ಫ್ರೀಜರ್ ಕೋಣೆಯ ದಪ್ಪ ಬಾಗಿಲು ಎಳೆದು ಒಳಗೆ ಕಾಲಿಟ್ಟಾಗ ಚಪ್ಪಲಿಯ ಕೆಳಗೆ ನೀರು ಪಚಕ್ಕೆಂದಿತು. ಇಪ್ಪತ್ತೆರಡು ವರ್ಷಗಳಲ್ಲಿ ಆ ನೆಲದ ಮೇಲೆ ಅವಳು ಒಂದು ಹನಿ ನೀರು ಕಂಡವಳಲ್ಲ. ಒಳಗೆ ಹೋದರೆ ಮೂಗಿನ ತುದಿ ಜುಮ್ಮೆನ್ನಬೇಕು, ಬಿಟ್ಟ ಉಸಿರು ಬೆಳ್ಳಗೆ ಹೊಗೆಯಾಗಬೇಕು. ಇವತ್ತು ಅದೂ ಇಲ್ಲ, ಇದೂ ಇಲ್ಲ. ಬಾಗಿಲ ಪಕ್ಕದ ಬಟಾಣಿ ಪೆಟ್ಟಿಗೆಯನ್ನು ಒತ್ತಿ ನೋಡಿದಳು. ಹೆಬ್ಬೆರಳು ಮೆತ್ತಗೆ ಒಳಗಿಳಿಯಿತು. ಹೊರಗೆ ಬಂದು ಬಾಗಿಲ ಮೇಲಿನ ಚಳಿ ಅಳೆಯುವ ಮುಳ್ಳು ನೋಡಿದಳು. ಅದು ತನಗೇನೂ ಗೊತ್ತಿಲ್ಲವೆಂಬಂತೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ ನೆಟ್ಟಗೆ ನಿಂತಿತ್ತು.

ಮತ್ತೆ ಒಳಗೆ ಹೋಗಿ ಎಡಗಡೆಯ ಮೇಲಿನ ಹಲಗೆಯತ್ತ ಕಣ್ಣು ಹಾಯಿಸಿದಳು. ದೊಡ್ಡಮ್ಮನ ಡಬ್ಬಿ ಅಲ್ಲಿರಲಿಲ್ಲ.

ದೊಡ್ಡಮ್ಮ ಎಂದರೆ ಈ ಊಟದ ಮನೆಯನ್ನು ಕಟ್ಟಿದಾಕೆ. ಐವತ್ತು ವರ್ಷಗಳ ಹಿಂದೆ ನಾಲ್ಕು ಮೇಜು, ಒಂದು ಒಲೆ ಇಟ್ಟುಕೊಂಡು ಶುರು ಮಾಡಿದವಳು. ಹೋದ ವರ್ಷ ತೀರಿಕೊಳ್ಳುವ ಹತ್ತು ದಿನ ಮುಂಚೆ ಹಾಸಿಗೆಯಿಂದ ಎದ್ದು ಬಂದು, ಯಾರ ಮಾತೂ ಕೇಳದೆ ತನ್ನ ಕೈಯಾರೆ ಕಿತ್ತಳೆ ಹಣ್ಣಿನ ಐಸ್‌ಕ್ರೀಮ್ ಮಾಡಿ, ಮುಚ್ಚಳ ನೆಗ್ಗಿದ ಹಳೆಯ ಸ್ಟೀಲ್ ಡಬ್ಬಿಗೆ ತುಂಬಿಸಿದ್ದಳು. "ಐವತ್ತು ತುಂಬೋ ದಿನ ನಾನಿರಲ್ಲ. ನನ್ನ ಪರವಾಗಿ ಎಲ್ಲರಿಗೂ ಒಂದೊಂದು ಚಮಚ ಕೊಡಿ," ಎಂದಿದ್ದಳು. ಅವತ್ತು ಉಗ್ರಾಣದಕ್ಕನ ಕೈಯಲ್ಲಿ ಒಲೆಮನೆಯಿಂದ ಒಣಗಿದ ಬ್ರೆಡ್ಡಿನ ಅಂಚುಗಳನ್ನೂ ತರಿಸಿಕೊಂಡಿದ್ದಳು. ಯಾಕೆಂದು ಕೇಳಿದರೆ, "ಹಕ್ಕಿಗೆ ಹಾಕ್ತೀನಿ, ನಿನಗ್ಯಾಕೆ ಉಸಾಬರಿ?" ಎಂದು ಗದರಿದ್ದಳು. ಗದರಿಕೆಯೇ ಅವಳ ಪ್ರೀತಿ. ಅದನ್ನು ತಿಂದು ಬೆಳೆದವರು ಈ ಅಡುಗೆಮನೆಯಲ್ಲಿ ಒಬ್ಬಿಬ್ಬರಲ್ಲ.

ಐವತ್ತು ತುಂಬುವ ಆ ದಿನ ಇದೇ ಸೋಮವಾರ. ಮಧ್ಯಾಹ್ನ ಒಂದಕ್ಕೆ ಹಳೆಯ ಕೆಲಸಗಾರರು ನಲವತ್ತು ಜನ ಊಟಕ್ಕೆ ಬರುವವರಿದ್ದರು.

ಸುದ್ದಿ ಕೇಳಿ ಯಜಮಾನಿ ಓಡಿ ಬಂದಳು. ದೊಡ್ಡಮ್ಮನ ಒಬ್ಬಳೇ ಮಗಳು. ತಾಯಿಯ ಮೂಗು, ತಾಯಿಯ ಕೋಪ ಎರಡೂ ಬಂದಿದ್ದವು, ತಾಯಿಯ ತಾಳ್ಮೆ ಮಾತ್ರ ದಾರಿಯಲ್ಲೆಲ್ಲೋ ಉಳಿದಿತ್ತು.

"ನಿನ್ನೆ ಬೀಗದ ಕೈ ಎಲ್ಲಿತ್ತು?" ಎಂದು ಕೇಳಿದಳು.

ಉಗ್ರಾಣದಕ್ಕ ಬಾಯಿ ಬಿಡಲಾರದೆ ಬಿಟ್ಟಳು. "ಮೊಳೆಗೆ ಹಾಕಿ ಹೋಗಿದ್ದೆ. ಬಾಣಸಿಗರು ಭಾನುವಾರ ಮಾಂಸದ ಪೆಟ್ಟಿಗೆ ಇಡಬೇಕು ಅಂದ್ರು. ನಾನು ತಂಗಿ ಮಗು ನೋಡೋಕೆ ಹೋಗಿದ್ದೆ. ಒಂದೇ ಒಂದು ದಿನ…"

"ಅಮ್ಮ ಆ ಬೀಗದ ಕೈನ ನಿನ್ನ ಸೊಂಟಕ್ಕೆ ಕಟ್ಟಿದ್ದು ಮೊಳೆಗೆ ಹಾಕೋಕಲ್ಲ. ಯಾರೋ ಡಬ್ಬಿ ತಗೊಂಡು ಬಾಗಿಲು ತೆಗೆದಿಟ್ಟು ಹೋಗಿದಾರೆ. ಮಧ್ಯಾಹ್ನದೊಳಗೆ ಡಬ್ಬಿ ಸಿಗಲಿಲ್ಲ ಅಂದ್ರೆ, ಬಂದವರ ಎದುರಿಗೇ ಬೀಗದ ಕೈ ವಾಪಸ್ ಕೊಟ್ಬಿಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆದರೆ ಆ ಬೀಗದ ಕೈ ಎಂದರೆ ಅವಳ ಮಾನ. ಗಂಡ ತೀರಿಹೋದ ವರ್ಷ, ಊರೆಲ್ಲ ಅವಳನ್ನು 'ಪಾಪ' ಎಂದು ಕರೆಯುತ್ತಿದ್ದಾಗ, ದೊಡ್ಡಮ್ಮ ಒಂದು ಮಾತೂ ಆಡದೆ ತನ್ನ ಸೊಂಟದಿಂದ ಬಿಚ್ಚಿ ಅವಳ ಸೊಂಟಕ್ಕೆ ಸಿಕ್ಕಿಸಿದ್ದಳು. ಅವತ್ತಿನಿಂದ ಅವಳು ಪಾಪ ಅಲ್ಲ, ಉಗ್ರಾಣದಕ್ಕ.

ಕಣ್ಣೊರೆಸಿಕೊಂಡು ಅವಳು ಹತ್ತಿದ್ದು ಹಿಂದಿನ ಮೆಟ್ಟಿಲು. ಅಡುಗೆಮನೆಯ ಮೇಲಿನ ಕೋಣೆಯಲ್ಲಿ ಮೂವತ್ತು ವರ್ಷಗಳಿಂದ ಬಾಡಿಗೆಗಿದ್ದವರು ಭೂಗೋಳದ ಟೀಚರ್. ಶಾಲೆಯಿಂದ ನಿವೃತ್ತರಾದರೂ ಕುತೂಹಲದಿಂದ ನಿವೃತ್ತರಾಗಿರಲಿಲ್ಲ. ಕಳೆದುಹೋದ ಬೆಳ್ಳಿ ಚಮಚ, ಗಲ್ಲಾದ ಮೇಲಿಂದ ಮಾಯವಾದ ಕನ್ನಡಕ, ಉಪ್ಪು ಬಿದ್ದ ಸಕ್ಕರೆ ಡಬ್ಬ, ಇಂಥ ಎಷ್ಟೋ ಗಂಟುಗಳನ್ನು ಕಿಟಕಿ ಪಕ್ಕದ ಮೇಜಿನಲ್ಲಿ ಕೂತೇ ಬಿಡಿಸಿದ್ದರು. ಆಗೆಲ್ಲ ಪಕ್ಕದಲ್ಲಿ ನಿಂತು 'ಹೌದಾ ಟೀಚರ್, ಆಮೇಲೆ?' ಎನ್ನುತ್ತಿದ್ದವಳು ಉಗ್ರಾಣದಕ್ಕನೇ. ಆರನೇ ತರಗತಿಯಲ್ಲಿ ಭೂಪಟದ ಕೋಲು ಹಿಡಿದು ನಿಂತಿರುತ್ತಿದ್ದಳಲ್ಲ, ಆ ಕೆಲಸ ಅವಳಿಗೆ ಇನ್ನೂ ಮುಗಿದಿರಲಿಲ್ಲ.

ಟೀಚರ್ ಎಲ್ಲ ಕೇಳಿ, ಚಹದ ಲೋಟ ಕೆಳಗಿಟ್ಟರು.

"ಬಾಗಿಲು ತೆಗೆದಿತ್ತು ಅಂತ ಹೇಳಿದ್ದು ಯಾರು?"

"ಯಜಮಾನಿ. ಇಲ್ಲಾಂದ್ರೆ ಕರಗುತ್ತಾ ಟೀಚರ್?"

"ನೋಡು, ನನ್ನ ಮಂಚದ ಕೆಳಗೇ ಆ ಫ್ರೀಜರ್ ಮೋಟರು. ಮೂವತ್ತು ವರ್ಷದಿಂದ ಅದರ ಗೊರಕೆ ಕೇಳ್ತಾ ಇದೀನಿ. ಹತ್ತು ನಿಮಿಷ ಓಡುತ್ತೆ, ಸ್ವಲ್ಪ ಸುಮ್ಮನಿರುತ್ತೆ, ಮತ್ತೆ ಓಡುತ್ತೆ. ಶನಿವಾರ ಪೂರ್ತಿ ಹಾಗೇ ಇತ್ತು. ನಿನ್ನೆ ಬೆಳಗ್ಗೆ ಹನ್ನೊಂದರ ಮೇಲೆ ಅದಕ್ಕೆ ಸೋಮಾರಿತನ ಹಿಡೀತು. ಎರಡು ನಿಮಿಷ ಓಡೋದು, ಅರ್ಧ ಗಂಟೆ ಮಲಗೋದು. ಭಾನುವಾರ ಅದಕ್ಕೂ ರಜಾ ಕೊಟ್ಟಿದಾರೇನೋ ಅಂದ್ಕೊಂಡೆ." ಟೀಚರ್ ಎದ್ದು ಶಾಲು ಹೊದ್ದರು. "ಬಾಗಿಲು ತೆಗೆದಿದ್ರೆ ಮೋಟರು ಏನು ಮಾಡ್ತಿತ್ತು ಯೋಚನೆ ಮಾಡು. ನಡಿ."

ಉಗ್ರಾಣದಕ್ಕ ಮೆಟ್ಟಿಲಿಳಿಯುತ್ತ ಯೋಚನೆ ಮಾಡಿದಳು. ಏನೂ ಹೊಳೆಯಲಿಲ್ಲ.

ಕೆಳಗೆ ಮೆಕ್ಯಾನಿಕ್ ಬಂದಿದ್ದ. ಶನಿವಾರವೇ ಬಂದು ಫ್ರೀಜರ್ ನೋಡಿ, 'ಇದು ಮುದಿಯಾಯ್ತು, ಹೊಸದು ತಗೊಳ್ಳಿ' ಎಂದು ಹೇಳಿ ಹೋಗಿದ್ದವನು ಅವನೇ. ಅದಕ್ಕೇ ಅಡುಗೆಮನೆಯವರೆಲ್ಲ ಈಗ ಅವನನ್ನು ಒಂದು ಥರ ನೋಡುತ್ತಿದ್ದರು.

"ನಾನೇನೂ ಮಾಡಿಲ್ಲ ತಾಯಿ! ಹೊಸ ಮೆಷಿನ್ ಮಾರೋಕೆ ಹಳೇದನ್ನ ಕೆಡಿಸೋ ಜಾತಿ ನಂದಲ್ಲ," ಎಂದು ಯಾರೂ ಕೇಳುವ ಮೊದಲೇ ಅವನು ಶುರುಮಾಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ನಿಮ್ಮನ್ನ ಯಾರೂ ಏನೂ ಅಂದಿಲ್ಲ," ಎಂದರು ಟೀಚರ್. "ಒಂದು ಹೇಳಿ. ಬಾಗಿಲ ಮೇಲಿನ ಈ ಮುಳ್ಳು ಎಲ್ಲಿಯ ಚಳಿ ನೋಡಿ ಹೇಳುತ್ತೆ?"

"ಇದರ ತಂತಿ ಒಳಗೆ ಹಿಂದಿನ ಗೋಡೇಲಿ ಫ್ಯಾನ್ ಪಕ್ಕ ಇದೆ. ಮೋಟರಿಗೆ 'ಓಡು, ನಿಲ್ಲು' ಅಂತ ಹೇಳೋದೂ ಅಲ್ಲಿಂದಾನೇ."

"ಸಂತೋಷ," ಎಂದು ಟೀಚರ್ ಬಾಗಿಲು ತೆಗೆಸಿದರು.

ಒಳಗೆ ಅವರು ನಿಂತಿದ್ದು ಎರಡೇ ನಿಮಿಷ. ಎಡಬಲದ ಹಲಗೆಗಳಲ್ಲಿ ಎಲ್ಲ ಉಗ್ರಾಣದಕ್ಕ ಇಟ್ಟ ಹಾಗೇ ಇತ್ತು. ಆದರೆ ಅವಳು ಶನಿವಾರ ನಡುವೆ ಸಾಲಾಗಿ ಜೋಡಿಸಿದ್ದ ನಲವತ್ತು ಹೊಸ ಪೆಟ್ಟಿಗೆಗಳು ಈಗ ಹಿಂದಿನ ಗೋಡೆಯ ಮುಂದೆ ಸೂರಿನವರೆಗೆ ಒತ್ತೊತ್ತಾಗಿ ಎದ್ದು ನಿಂತಿದ್ದವು. ಫ್ಯಾನು ಕಾಣುತ್ತಲೇ ಇರಲಿಲ್ಲ.

"ನಾನು ಹೀಗಿಟ್ಟಿರಲಿಲ್ಲ ಟೀಚರ್. ಬಾಣಸಿಗರು ತಮ್ಮ ಮಾಂಸಕ್ಕೆ ಜಾಗ ಮಾಡ್ಕೊಂಡಿರಬೇಕು."

ಟೀಚರ್ ಆ ಪೆಟ್ಟಿಗೆಗಳ ಗೋಡೆಯ ಮೇಲೆ ಬೆರಳಾಡಿಸಿದರು. ಕೆಳಸಾಲಿನಲ್ಲಿ ಎರಡು ಪೆಟ್ಟಿಗೆ ಸೇರುವ ಸಂದಿಯ ಮೇಲೆ ಮೇಲುಸಾಲಿನ ಪೆಟ್ಟಿಗೆಯ ನಡುಭಾಗ ಬಂದಿತ್ತು. ಬೆರಳಲ್ಲ, ಬೆಂಕಿಕಡ್ಡಿ ತೂರಿಸಲೂ ಎಡೆಯಿರಲಿಲ್ಲ. ಉಗ್ರಾಣದಕ್ಕ ಮೇಲಿನ ಪೆಟ್ಟಿಗೆ ಎಳೆಯಲು ಕೈ ಹಾಕಿದಳು.

"ಬೇಡ! ಈಗಲೇ ಇದನ್ನ ಒಡೀಬೇಡ. ಇರೋ ಚಳಿಯೆಲ್ಲ ಇದರ ಹಿಂದಿದೆ. ಬಾಗಿಲು ಹಾಕು."

ಬಾಣಸಿಗ ಮೆತ್ತಗಾದ ಬಟಾಣಿಯನ್ನೂ ಮೀನನ್ನೂ ಹೊರಗೆ ತೆಗೆಸಿ, ಇವತ್ತೇ ಬೇಯಿಸಿಬಿಟ್ಟರೆ ಏನೂ ಹಾಳಾಗುವುದಿಲ್ಲವೆಂದು ಗೊಣಗುತ್ತಿದ್ದ. ಗೊಣಗದಿದ್ದರೆ ಅವನ ಕೈಯಲ್ಲಿ ಸೌಟು ಆಡುವುದಿಲ್ಲ.

"ನಿನ್ನೆ ಯಾರ್ಯಾರು ಬಂದಿದ್ರಿ?" ಎಂದರು ಟೀಚರ್.

"ನಾನು ಒಂಬತ್ತಕ್ಕೆ ಬಂದೆ, ಮಾಂಸ ಕತ್ತರಿಸಿ, ಬಲಗಡೆ ಹಲಗೇಲಿಟ್ಟೆ, ಹತ್ತೂವರೆಗೆ ಮನೆಗೆ ಹೋದೆ. ಬೀಗ ಹಾಕಿ ಕೈ ಮೊಳೆಗೆ ಹಾಕಿದೀನಿ. ಹಿಂದಿನ ಗೋಡೆ ತಂಟೆಗೇ ಹೋಗಿಲ್ಲ. ಯಜಮಾನಿ ಮುಂದುಗಡೆ ಮೇಜು ಜೋಡಿಸ್ತಿದ್ರು. ಒಲೆ ತಾತ ಇದ್ದೇ ಇರ್ತಾರಲ್ಲ, ಅವರ ಒಲೆಗೆ ಭಾನುವಾರ ಇಲ್ಲ." ಆಮೇಲೆ ದನಿ ತಗ್ಗಿಸಿದ. "ಆ ಡಬ್ಬಿ ಜಾಗ ತಿನ್ನುತ್ತೆ ಅಂತ ನಾನು ಬೈದಿದ್ದು ನಿಜ. ಹಾಗಂತ ಕದೀತೀನಾ? ನನಗೆ ಈರುಳ್ಳಿ ಹೆಚ್ಚೋಕೆ ಕಲಿಸಿದ್ದು ದೊಡ್ಡಮ್ಮ."

"ನಿಮ್ಮ ಯಜಮಾನಿ ಶನಿವಾರ ಏನೋ ಹೇಳಿದ್ರಂತಲ್ಲ?"

ಉಗ್ರಾಣದಕ್ಕ ಉತ್ತರಿಸಿದಳು. "ಮೆಕ್ಯಾನಿಕ್ ಹೋದ್ಮೇಲೆ ಎಲ್ಲರನ್ನೂ ನಿಲ್ಲಿಸಿ ಹೇಳಿದ್ರು. 'ಫ್ರೀಜರ್‌ನಲ್ಲಿ ವರ್ಷ ದಾಟಿದ್ದೆಲ್ಲ ಸೋಮವಾರ ಬೆಳಗ್ಗೆ ಹೊರಗೆ ಹೋಗಬೇಕು' ಅಂತ. ಡಬ್ಬಿ ಬಿಟ್ಟು ಅಂತ ಬಾಯಿಬಿಟ್ಟು ಹೇಳಲಿಲ್ಲ, ಆದ್ರೆ ಅದು ಎಲ್ಲರಿಗೂ ಗೊತ್ತಲ್ವಾ?"

"ಗೊತ್ತಾ? ಆಗ ಅಲ್ಲಿ ಯಾರ್ಯಾರು ಇದ್ರು?"

"ಎಲ್ಲರೂ. ಒಲೆ ತಾತಾನೂ ಬ್ರೆಡ್ ಬುಟ್ಟಿ ತಲೆ ಮೇಲೆ ಹೊತ್ಕೊಂಡು ನಿಂತಿದ್ರು."

ಟೀಚರ್ ಒಲೆಮನೆಯತ್ತ ನಡೆದರು. ಒಲೆ ತಾತ ಇರಲಿಲ್ಲ. ಬೆಳಗಿನ ಜಾವವೇ ಬ್ರೆಡ್ ಹಂಚಲು ಸೈಕಲ್ ಹತ್ತಿ ಹೋದವನು, ಹನ್ನೆರಡಕ್ಕೆ ಮುಂಚೆ ಬರುವವನಲ್ಲ. ಇಲ್ಲಿ ನಡೆದ ರಾಮಾಯಣ ಅವನಿಗೆ ಗೊತ್ತೇ ಇರಲಿಲ್ಲ. ವಯಸ್ಸು ಎಪ್ಪತ್ತೆರಡು, ಆದರೂ ಹಿಟ್ಟಿನ ಮೂಟೆಯನ್ನು ಕೂಸಿನಂತೆ ಎತ್ತುತ್ತಾನೆ. ಊಟದ ಮನೆ ಶುರುವಾದ ಮೊದಲ ದಿನವೇ ಬಂದವನು. ಇಟ್ಟಿಗೆ ಹೊತ್ತು, ಮಣ್ಣು ಕಲಸಿ ಆ ಒಲೆ ಕಟ್ಟಿದ್ದು ಅವನೇ. ಇವತ್ತಿಗೂ ವರ್ಷಕ್ಕೊಮ್ಮೆ ಬಿರುಕು ಬಿಟ್ಟ ಇಟ್ಟಿಗೆ ತೆಗೆದು ಹೊಸದು ಕೂರಿಸುತ್ತಾನೆ.

ಅವನಿಗೂ ದೊಡ್ಡಮ್ಮನಿಗೂ ಐವತ್ತು ವರ್ಷ ಹಾವು ಮುಂಗುಸಿ ಆಟ. "ನಿನ್ನ ಬೆಂಕಿ ನನ್ನ ಮಂಜಿನ ಹತ್ತಿರ ಬರಬಾರದು," ಎಂದು ಅವಳು ಫ್ರೀಜರ್ ಕೋಣೆಯ ಹೊಸ್ತಿಲಲ್ಲೇ ಅವನನ್ನು ತಡೆಯುತ್ತಿದ್ದಳು. "ನಿನ್ನ ಮಂಜು ಯಾರಿಗೆ ಬೇಕು, ಹಲ್ಲು ನೋವು ಬರುತ್ತೆ," ಎಂದು ಅವನು ಅಲ್ಲಿಂದಲೇ ಕೂಗುತ್ತಿದ್ದ. ಅವಳು ತೀರಿಕೊಂಡ ದಿನ ಮಾತ್ರ ಆ ಒಲೆ ಹೊತ್ತಲಿಲ್ಲ. ಉಗ್ರಾಣದಕ್ಕ ಚಹಾ ಕೊಡಲು ಹೋದಾಗ ಅವನು ತಣ್ಣಗಿನ ಒಲೆಯ ಬಾಯಿಗೆ ಬೆನ್ನು ಕೊಟ್ಟು ಕೂತಿದ್ದ.

ಬಾಗಿಲ ಪಕ್ಕದಲ್ಲಿ ಖಾಲಿ ಬ್ರೆಡ್ ಪೆಟ್ಟಿಗೆಗಳಿದ್ದವು. ಸಂದಿಯ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಸಂದಿ, ಹೀಗೆ ಎದೆಮಟ್ಟ ಅಚ್ಚುಕಟ್ಟಾಗಿ ಏರಿದ್ದವು. ಟೀಚರ್ ಅವುಗಳ ಮುಂದೆ ಸ್ವಲ್ಪ ಹೊತ್ತು ನಿಂತರು. ಉಗ್ರಾಣದಕ್ಕನೂ ನಿಂತಳು. ನೋಡಿದ್ದು ಇಬ್ಬರೂ, ಕಂಡಿದ್ದು ಒಬ್ಬರಿಗೆ.

"ದೊಡ್ಡಮ್ಮ ನಿನಗೆ ಮೊದಲ ದಿನ ಫ್ರೀಜರ್‌ನಲ್ಲಿ ಏನು ಕಲಿಸಿದ್ರು?" ಎಂದರು ಟೀಚರ್.

ಆ ಪ್ರಶ್ನೆಗೆ ಉಗ್ರಾಣದಕ್ಕ ಯೋಚಿಸಬೇಕಾಗಿರಲಿಲ್ಲ. ಸೇರಿದ ಮೊದಲ ಬೆಳಗ್ಗೆ ದೊಡ್ಡಮ್ಮ ಅವಳ ಕೈ ಹಿಡಿದು ಒಳಗೆ ಕರೆದೊಯ್ದು, ಗೋಡೆಗೂ ಪೆಟ್ಟಿಗೆಗೂ ನಡುವೆ ಅವಳ ನಾಲ್ಕು ಬೆರಳು ಜೋಡಿಸಿ ತೂರಿಸಿದ್ದಳು. 'ಬಂತಾ ಗಾಳಿ?' ಎಂದು ಕೇಳಿದ್ದಳು. ಬೆರಳ ನಡುವೆ ತಣ್ಣನೆಯ ಗಾಳಿ ನುಸುಳಿ ಹೋಗಿತ್ತು. 'ಮಂಜು ತಾನಾಗಿ ನಡೆಯಲ್ಲ ಮಗಳೇ, ಗಾಳಿ ಹೊತ್ಕೊಂಡು ಹೋಗಬೇಕು. ಗಾಳಿಗೂ ಓಡಾಡೋಕೆ ಓಣಿ ಬೇಕು. ಗೋಡೆಯಿಂದ ನಾಲ್ಕು ಬೆರಳು ಬಿಡು, ಸಾಲಿಗೂ ಸಾಲಿಗೂ ನಾಲ್ಕು ಬೆರಳು ಬಿಡು. ಪೆಟ್ಟಿಗೆ ಮೇಲೆ ಪೆಟ್ಟಿಗೆ ನೆಟ್ಟಗಿರಲಿ. ಫ್ಯಾನ್ ಮುಂದೆ ಮಾತ್ರ ದೇವರು ಬಂದು ನಿಂತ್ರೂ ಪಕ್ಕಕ್ಕೆ ಸರಿ ಅನ್ನು.' ಆ ಕೈಯ ಬಿಸಿ ಉಗ್ರಾಣದಕ್ಕನ ಬೆರಳಿಗೆ ಈಗಲೂ ನೆನಪಿತ್ತು.

"ಅಡುಗೆಮನೆಗೆ ಸೇರಿದ ಎಲ್ಲರಿಗೂ ಇದೇ ಪಾಠ ಟೀಚರ್," ಎಂದಳು.

"ಎಲ್ಲರಿಗೂ ಅಲ್ಲ," ಎಂದರು ಟೀಚರ್. "ಹನ್ನೆರಡೂವರೆಗೆ ಎಲ್ಲರನ್ನೂ ಅಡುಗೆಮನೇಲಿ ಸೇರಿಸು. ಹನ್ನೆರಡು ಖಾಲಿ ಪೆಟ್ಟಿಗೆ ಬೇಕು. ಒಲೆ ತಾತ ಬಂದ ತಕ್ಷಣ ಕರ್ಕೊಂಡು ಬಾ, ದಾರೀಲಿ ಏನೂ ಹೇಳಬೇಡ. ಮತ್ತೆ, ಹಕ್ಕಿಗೆ ಅಂತ ಬ್ರೆಡ್ ತರಿಸಿದ್ರು ಅಂದೆಯಲ್ಲ, ಅವತ್ತು ಹಕ್ಕಿ ಬಂದಿದ್ವಾ?"

ಉಗ್ರಾಣದಕ್ಕ ಕಣ್ಣು ಕಣ್ಣು ಬಿಟ್ಟಳು. ಹಿತ್ತಲಲ್ಲಿ ಒಂದು ಚೂರೂ ಬಿದ್ದದ್ದು ಅವಳು ನೋಡಿರಲಿಲ್ಲ.

ಹನ್ನೆರಡೂವರೆಗೆ ಯಜಮಾನಿ, ಬಾಣಸಿಗ, ಮೆಕ್ಯಾನಿಕ್, ಸೈಕಲ್ ತುಳಿದ ಬೆವರು ಒರೆಸಿಕೊಳ್ಳುತ್ತ ಒಲೆ ತಾತ, ಸೊಂಟದ ಬೀಗದ ಕೈಯನ್ನು ಅಂಗೈಯಲ್ಲಿ ಹಿಡಿದ ಉಗ್ರಾಣದಕ್ಕ, ಎಲ್ಲರೂ ಉದ್ದ ಮೇಜಿನ ಸುತ್ತ ನಿಂತರು. ಟೀಚರ್ ಸ್ಟೂಲಿನ ಮೇಲೆ ಕೂತರು. ಥೇಟ್ ಪರೀಕ್ಷೆಯ ದಿನ.

"ಮೊದಲು ಒಂದು ಸಣ್ಣ ಕೆಲಸ," ಎಂದರು. "ಈ ಹನ್ನೆರಡು ಪೆಟ್ಟಿಗೆ ಈ ಗೋಡೆ ಹತ್ತಿರ ಜೋಡಿಸಿ. ಒಬ್ಬೊಬ್ಬರಾಗಿ."

"ಟೀಚರ್, ಜನ ಬರೋ ಹೊತ್ತಾಯ್ತು! ಇದೇನು ಆಟ?" ಯಜಮಾನಿ ರೇಗಿದಳು.

"ನೀನೇ ಮೊದಲು ಆಡು."

ಟೀಚರ್ ಅವಳಿಗೂ ಪಾಠ ಹೇಳಿದವರು. ಮರುಮಾತಾಡದೆ ಯಜಮಾನಿ ಪೆಟ್ಟಿಗೆ ಎತ್ತಿ ಗೋಡೆಯ ಪಕ್ಕ ಇಟ್ಟಳು. ಇಟ್ಟವಳು ತನಗೇ ಅರಿವಿಲ್ಲದೆ ಎಡಗೈಯ ನಾಲ್ಕು ಬೆರಳು ಜೋಡಿಸಿ ಸಂದಿಗೆ ತೂರಿಸಿ ನೋಡಿದಳು. ಆಮೇಲೆ ಆ ಕೈಯನ್ನೇ ನೋಡುತ್ತ ನಿಂತುಬಿಟ್ಟಳು. "ನಾನು ಐದು ವರ್ಷದವಳಿದ್ದಾಗ ಅಮ್ಮ…" ಎಂದು ಪಕ್ಕಕ್ಕೆ ಸರಿದಳು. ಬಾಣಸಿಗ ಗೊಣಗಿಕೊಂಡೇ ಜೋಡಿಸಿದ. ಸಾಲು ನೆಟ್ಟಗಿತ್ತು, ನಡುವೆ ಓಣಿಯಿತ್ತು. ಮೆಕ್ಯಾನಿಕ್ ಅಂತೂ ಓಣಿಯಲ್ಲ, ಹೆದ್ದಾರಿಯನ್ನೇ ಬಿಟ್ಟ.

"ಈಗ ನೀವು," ಎಂದರು ಟೀಚರ್.

ಒಲೆ ತಾತ ಮುಗುಳ್ನಕ್ಕು ಮುಂದೆ ಬಂದ. ಮೊದಲ ಸಾಲನ್ನು ಗೋಡೆಗೆ ಅಂಟಿಸಿ ಇಟ್ಟ. ಎರಡನೆಯ ಸಾಲನ್ನು ಅರ್ಧ ಪೆಟ್ಟಿಗೆ ಸರಿಸಿ, ಸಂದಿ ಮುಚ್ಚುವ ಹಾಗೆ ಕೂರಿಸಿದ. ಒಂದೊಂದನ್ನೂ ಅಂಗೈಯಿಂದ ತಟ್ಟಿ ಒತ್ತಿದ. "ಈಗ ಇರುವೇನೂ ನುಸುಳಲ್ಲ ನೋಡಿ," ಎಂದ ಹೆಮ್ಮೆಯಿಂದ.

ಉಗ್ರಾಣದಕ್ಕನಿಗೆ ಆಗ ಹೊಳೆಯಿತು. ಫ್ರೀಜರ್‌ನ ಹಿಂದಿನ ಗೋಡೆ, ಒಲೆಮನೆಯ ಬಾಗಿಲ ಪಕ್ಕದ ಪೆಟ್ಟಿಗೆಗಳು, ಈಗ ಇದು: ಮೂರೂ ಒಂದೇ ಕೈ.

"ಬಾಗಿಲು ತೆಗೆದಿತ್ತು ಅಂತ ನೀವೆಲ್ಲ ಅಂದ್ಕೊಂಡ್ರಿ," ಎಂದು ಟೀಚರ್ ಶುರುಮಾಡಿದರು. "ಬಾಗಿಲು ತೆಗೆದಿದ್ರೆ ಒಳಗೆ ಬಿಸಿಗಾಳಿ ನುಗ್ಗಿ, ಮೋಟರು ಬಿಡುವಿಲ್ಲದೆ ಓಡಬೇಕಿತ್ತು. ಯಾರಾದ್ರೂ ಕರೆಂಟ್ ತೆಗೆದಿದ್ರೆ ಓಡಲೇಬಾರದಿತ್ತು. ನನ್ನ ಮಂಚದ ಕೆಳಗೆ ಎರಡೂ ಆಗಲಿಲ್ಲ. ಅದು ಸೋಮಾರಿಯಾಯ್ತು. ಅಂದ್ರೆ 'ಸಾಕಷ್ಟು ಚಳಿಯಿದೆ, ಮಲಗು' ಅಂತ ಅದಕ್ಕೆ ಯಾರೋ ಹೇಳ್ತಿದ್ರು. ಹೇಳೋ ತಂತಿ ಇರೋದು ಫ್ಯಾನ್ ಪಕ್ಕ. ಆ ಮೂಲೆ ನಿಜಕ್ಕೂ ತಣ್ಣಗಿತ್ತು, ಮುಳ್ಳು ಸುಳ್ಳು ಹೇಳಲಿಲ್ಲ. ಆದ್ರೆ ಆ ಚಳಿ ಈಚೆ ಬರಲಿಲ್ಲ. ಆರನೇ ಕ್ಲಾಸಲ್ಲಿ ಹೇಳಿಕೊಟ್ಟಿದ್ದೆ, ಬೆಟ್ಟ ಅಡ್ಡ ನಿಂತ್ರೆ ಮೋಡ ಆಚೇನೇ ಸುರಿದು ಹೋಗುತ್ತೆ, ಈಚೆ ಕಡೆ ಒಣನೆಲ. ನಿನ್ನೆ ಹನ್ನೊಂದು ಗಂಟೆ ಸುಮಾರಿಗೆ ಯಾರೋ ಫ್ಯಾನ್ ಮುಂದೆ ಪೆಟ್ಟಿಗೆಗಳ ಬೆಟ್ಟ ಕಟ್ಟಿದ್ರು."

ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. ಟೀಚರ್ ಮುಂದುವರಿಸಿದರು.

"ಮೆಕ್ಯಾನಿಕ್ ಬಂದಿದ್ದು ಶನಿವಾರ, ಆಮೇಲೂ ಮೋಟರು ಸರಿಯಾಗೇ ಓಡ್ತು. ಹಾಗಾಗಿ ಅವರಲ್ಲ. ಭಾನುವಾರ ಇದ್ದವರು ಮೂವರು. ಈ ಅಡುಗೆಮನೇಲಿ ಬೆಳೆದ ಕೈ ನಿದ್ದೇಲೂ ಸಂದಿ ಬಿಡದೆ ಪೆಟ್ಟಿಗೆ ಇಡಲ್ಲ, ಈಗ ತಾನೇ ನೋಡಿದ್ರಲ್ಲ. ಸಂದಿ ಮುಚ್ಚೋದು ಒಲೆ ಕಟ್ಟೋ ಕೈ. ಒಲೇಲಿ ಒಂದು ಬಿರುಕಿದ್ರೂ ಬಿಸಿಯೆಲ್ಲ ಸೋರಿ ಹೋಗುತ್ತೆ. ಈ ಕೈಗೆ ಕಾಪಾಡೋದು ಅಂದ್ರೆ ಮುಚ್ಚೋದು. ಫ್ರೀಜರ್ ಪಾಠ ಇವರಿಗೆ ಯಾರೂ ಹೇಳಲಿಲ್ಲ, ಯಾಕಂದ್ರೆ ಐವತ್ತು ವರ್ಷ ಇವರನ್ನ ಹೊಸ್ತಿಲು ದಾಟೋಕೇ ಬಿಡಲಿಲ್ಲ."

ಎಲ್ಲರ ಕಣ್ಣೂ ಒಲೆ ತಾತನ ಮೇಲೆ ಬಿದ್ದವು. ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ. "ಏನಾಯ್ತು? ಡಬ್ಬಿ ಚೆನ್ನಾಗಿದೆ ತಾನೆ?" ಎಂದ ಗಾಬರಿಯಿಂದ.

"ಡಬ್ಬಿ ಎಲ್ಲಿದೆ ತಾತ?" ಯಜಮಾನಿ ಕೇಳಿದಳು.

"ಅಲ್ಲೇ, ಫ್ಯಾನ್ ಕೆಳಗೆ, ಎಲ್ಲಕ್ಕಿಂತ ಚಳಿ ಜಾಗದಲ್ಲಿ. ನೀನೇ ಹೇಳಿದೆಯಲ್ಲಮ್ಮ, ವರ್ಷ ದಾಟಿದ್ದೆಲ್ಲ ಹೊರಗೆ ಅಂತ. ಅದಕ್ಕೆ ವರ್ಷ ದಾಟಿ ಒಂಬತ್ತು ದಿನ ಆಗಿದೆ. ನಾನು ಎಣಿಸ್ತಾ ಇದೀನಿ. ಕಸ ಹೊತ್ತು ಹಾಕೋವಾಗ ಯಾರಾದ್ರೂ ಗೊತ್ತಿಲ್ದೆ ಎಸೆದ್ರೆ? ಅದಕ್ಕೇ ಬಚ್ಚಿಟ್ಟೆ. ಚಳಿ ಸೋರಬಾರದು ಅಂತ ಸುತ್ತ ಗಟ್ಟಿಯಾಗಿ ಕಟ್ಟಿದೆ. ಊಟದ ಹೊತ್ತಿಗೆ ನಾನೇ ತಂದು ಎದುರಿಗೆ ಇಡೋಣ ಅಂದ್ಕೊಂಡಿದ್ದೆ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಬೆಳಗ್ಗೆಯಿಂದ ಹುಡುಕಿದ ಡಬ್ಬಿ ಕೋಣೆ ಬಿಟ್ಟು ಹೊರಗೇ ಹೋಗಿರಲಿಲ್ಲ.

"ನಿಮ್ಮಿಂದ ಉಗ್ರಾಣದಕ್ಕನ ಬೀಗದ ಕೈ ಹೋಗ್ತಿತ್ತು ತಾತ," ಎಂದ ಬಾಣಸಿಗ. ಒಲೆ ತಾತನ ಮುಖದ ಬಣ್ಣವೇ ಇಳಿಯಿತು. ಅವಳ ಕಡೆ ತಿರುಗಿ ಕೈ ಜೋಡಿಸಲು ಹೋದ. ಅವಳು ಆ ಎರಡೂ ಕೈಗಳನ್ನು ಗಬಕ್ಕನೆ ಹಿಡಿದುಕೊಂಡಳು. ಸಿಟ್ಟು ಮಾಡೋಣವೆಂದರೆ ಎದೆಯಲ್ಲಿ ಸಿಟ್ಟೇ ಇರಲಿಲ್ಲ.

ಪೆಟ್ಟಿಗೆಗಳ ಗೋಡೆಯನ್ನು ಒಡೆದವಳೂ ಅವಳೇ. ಮೇಲಿನ ನಾಲ್ಕು ಪೆಟ್ಟಿಗೆ ತೆಗೆದಾಗ ತಡೆದು ನಿಂತಿದ್ದ ಚಳಿ ಮುಖಕ್ಕೆ ರಪ್ಪನೆ ಬಡಿಯಿತು. ಮೂಗಿನ ತುದಿ ಜುಮ್ಮೆಂದಿತು. ಫ್ಯಾನಿನ ಕೆಳಗೆ, ಒಗೆದು ಮಡಿಸಿದ ಹಿಟ್ಟಿನ ಬಟ್ಟೆಯಲ್ಲಿ ಸುತ್ತಿ, ನೆಗ್ಗಿದ ಮುಚ್ಚಳದ ಡಬ್ಬಿ ಕೂತಿತ್ತು. ಒಳಗಿನದು ಕಲ್ಲಿನಷ್ಟು ಗಟ್ಟಿ.

ಯಜಮಾನಿ ಡಬ್ಬಿಯನ್ನು ಎದೆಗವಚಿಕೊಂಡು ಉಗ್ರಾಣದಕ್ಕನ ಮುಂದೆ ನಿಂತಳು. "ನಂದು ಬಾಯಿ ಸರಿಯಿಲ್ಲ ಅಕ್ಕ. ಬೀಗದ ಕೈನ ಸೊಂಟಕ್ಕೆ ಸಿಕ್ಕಿಸ್ಕೊ. ನಾನು ಕೇಳಿದ್ರೂ ಕೊಡಬೇಡ."

ಹಳಬರು ಬಂದರು, ಊಟ ಮಾಡಿದರು, ಒಬ್ಬರ ಮೇಲೊಬ್ಬರು ಹಳೆಯ ದೂರು ಹೇಳಿ ನಕ್ಕರು. ಬಟಾಣಿ ಸೂಪು ಇಷ್ಟೊಂದು ಯಾಕೆ ಬಡಿಸುತ್ತಿದ್ದಾರೆಂದು ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಚಮಚ ಬಂತು. ಕೆಲವರು ಕಣ್ಣು ಮುಚ್ಚಿಕೊಂಡರು, ಕೆಲವರು ಮುಚ್ಚಿಕೊಳ್ಳಲಾಗದೆ ಅತ್ತರು.

ಒಲೆ ತಾತ ತನ್ನ ಪಾಲನ್ನು ಬಾಯಲ್ಲಿಟ್ಟುಕೊಂಡ. ಕಿತ್ತಳೆಯ ಹುಳಿಸಿಹಿ ಕರಗಿತು. ಆಮೇಲೆ ಹಲ್ಲಿಗೆ ಏನೋ ಕಟುಂ ಎಂದಿತು. ಅವನು ಜಗಿಯುವುದನ್ನು ನಿಲ್ಲಿಸಿದ. ಮತ್ತೆ ಮೆಲ್ಲಗೆ ಜಗಿದ.

"ಇದು… ಇದು ನನ್ನ ಬ್ರೆಡ್ಡು," ಎಂದ.

"ಹೌದು. ಹಕ್ಕಿಗೆ ಅಂತ ತರಿಸಿಕೊಂಡಿದ್ದು," ಎಂದರು ಟೀಚರ್. "ಅವತ್ತು ಹಿತ್ತಲಿಗೆ ಒಂದು ಚೂರೂ ಹೋಗಿಲ್ಲ. ಸಕ್ಕರೆಯಲ್ಲಿ ಹುರಿದು ಪುಡಿ ಮಾಡಿ ಬೆರೆಸಿದಾರೆ."

ಒಲೆ ತಾತ ಖಾಲಿ ಚಮಚವನ್ನೇ ನೋಡಿದ. "ಐವತ್ತು ವರ್ಷ ನನ್ನ ಬೆಂಕಿ ಅವಳ ಮಂಜಿನ ಹತ್ತಿರ ಬರಬಾರದು ಅಂದ್ಲು," ಎಂದ. "ಕೊನೆಗೆ ತಾನೇ ಕರ್ಕೊಂಡು ಹೋಗಿ ಒಳಗಿಟ್ಟುಕೊಂಡಿದಾಳೆ. ನನಗೆ ಒಂದು ಮಾತು ಹೇಳಬಾರದಿತ್ತಾ!"

ಎಲ್ಲರೂ ಹೋದ ಮೇಲೆ ಉಗ್ರಾಣದಕ್ಕ ಫ್ರೀಜರ್ ಕೋಣೆಯಲ್ಲಿ ಪೆಟ್ಟಿಗೆಗಳನ್ನು ಮತ್ತೆ ಜೋಡಿಸುತ್ತಿದ್ದಳು. ಫ್ಯಾನು ಬಿಡುಗಡೆಯಾಗಿ ತಿರುಗುತ್ತಿತ್ತು. ಹೊಸ್ತಿಲ ಆಚೆ ಒಲೆ ತಾತ ಬಂದು ನಿಂತ. ನಿನ್ನೆ ಕಳ್ಳನಂತೆ ನುಗ್ಗಿದ್ದವನು ಇವತ್ತು ಒಳಗೆ ಕಾಲಿಡಲು ಹಿಂಜರಿದ.

"ಬರಬಹುದೇನಮ್ಮ?"

"ಬನ್ನಿ ತಾತ."

ಅವಳು ಅವನ ಕೈ ಹಿಡಿದು ಒಳಗೆ ಕರೆದೊಯ್ದಳು. ಸುಟ್ಟ ಗಾಯಗಳ ಕಲೆ ತುಂಬಿದ ಆ ಒರಟು ಕೈಯ ನಾಲ್ಕು ಬೆರಳು ಜೋಡಿಸಿ, ಗೋಡೆಗೂ ಪೆಟ್ಟಿಗೆಗೂ ನಡುವೆ ಮೆಲ್ಲಗೆ ತೂರಿಸಿದಳು.

"ಬಂತಾ ಗಾಳಿ?" ಎಂದು ಕೇಳಿದಳು.

ಒಲೆ ತಾತ ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಬಂತು," ಎಂದ.